ಪಟ್ಟಕ್ಕೆ ಕೂರುವವನನ್ನು ಕೇಳಲು ಕುವೈತಿಗೆ

ಮಕ್ಕಳೇ, ನಾನು ಕುವೈತಿನಿಂದ ಬಂದ ದಿನ ನೀವಿಬ್ಬರೂ ನನ್ನ ಪೆಟ್ಟಿಗೆಯ ಸುತ್ತ ಕೂತು, “ಅಜ್ಜಿ, ಅಲ್ಲಿ ಎಂತ ನೋಡಿದಿರಿ?” ಎಂದು ಕೇಳಿದಿರಿ. ನಾನು “ಮರಳು” ಎಂದು ಹೇಳಿ ಅಡುಗೆಮನೆಗೆ ಹೋದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ನಾಲ್ಕು ಜನರ ಎದುರು ಮಾತಾಡಬೇಕಾದರೆ ನನಗೆ ನಾಚಿಕೆಯಾಗುತ್ತದೆ. ಎದುರಿಗಿರುವವರು ನನ್ನ ಮೊಮ್ಮಕ್ಕಳೇ ಆದರೂ ಅಷ್ಟೆ. ಬರೆಯುವಾಗ ಹಾಗಾಗುವುದಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ. ನಾವು ಮನೆಯಲ್ಲಿ ಆಡುವುದು ತುಳು. ಆದರೆ ಊರಿನ ಶಾಲೆಯಲ್ಲಿ ಏಳನೆಯವರೆಗೆ ನನಗೆ ಬರೆಯಲು ಕಲಿಸಿದ್ದು ಕನ್ನಡ. ಅದರಲ್ಲೇ ಬರೆಯುತ್ತೇನೆ.

ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋದದ್ದು ಊರು ನೋಡುವುದಕ್ಕಲ್ಲ, ನಿಮ್ಮ ಹರೀಶ ಮಾವನಿಗೆ ಒಂದು ಪ್ರಶ್ನೆ ಕೇಳುವುದಕ್ಕೆ.

ನನ್ನ ಅಣ್ಣ, ಅಂದರೆ ನಿಮ್ಮ ಸುಂದರಜ್ಜ, ನಮ್ಮ ಗುತ್ತಿನ ಮನೆಯ, ಊರಿಗೇ ಹಿರಿದಾದ ಮನೆತನದ, ಪಟ್ಟದಲ್ಲಿ ಕೂತವನು. ಗುತ್ತಿನ ಗದ್ದೆಗಳೆಲ್ಲ ಯಾವತ್ತೋ ಪಾಲಾಗಿ ಹೋಗಿವೆ. ಉಳಿದದ್ದು ಪಟ್ಟ ಮಾತ್ರ. ವರ್ಷಕ್ಕೊಮ್ಮೆ ನೇಮದ ಉತ್ಸವದಲ್ಲಿ ಅವನು ಊರಿನ ಪರವಾಗಿ ದೈವದ ಎದುರು ನಿಲ್ಲಬೇಕು. ಉಳಿದ ದಿನಗಳಲ್ಲಿ ಮದುವೆಗೆ ಎಲ್ಲರಿಗಿಂತ ಮೊದಲು ಹೋಗಬೇಕು, ಸಾವಿನ ಮನೆಗೂ ಮೊದಲು ಹೋಗಬೇಕು, ಬೇಲಿ ಜಗಳಕ್ಕೆ ಕರೆದರೆ ಊಟ ಬಿಟ್ಟು ಏಳಬೇಕು. ಸಂಬಳವಿಲ್ಲ, ರಜೆಯಿಲ್ಲ. ಅಣ್ಣನಿಗೆ ಮೈಸೂರು ನೋಡುವ ಆಸೆ ಮದುವೆಯಾದಾಗಿನಿಂದ ಇತ್ತು. ಅವನು ಚೀಲ ಕಟ್ಟುವುದಕ್ಕೂ ಊರಿನಲ್ಲಿ ಯಾರಾದರೂ ತೀರಿಕೊಳ್ಳುವುದಕ್ಕೂ ಪ್ರತಿ ಸಲ ಸರಿಹೋಗುತ್ತಿತ್ತು. ಕೊನೆಕೊನೆಗೆ ಅವನು ಮೈಸೂರಿನ ಹೆಸರೆತ್ತಿದರೆ ಊರಿನ ಮುದುಕರು ಹೆದರತೊಡಗಿದರು.

ಈಗ ಅವನ ಮೊಣಕಾಲು ಮಡಚುವುದಿಲ್ಲ. ಬರುವ ನೇಮದೊಳಗೆ ಪಟ್ಟ ಇಳಿಸಬೇಕು. ನಮ್ಮಲ್ಲಿ ಪಟ್ಟ ತಂದೆಯಿಂದ ಮಗನಿಗೆ ಹೋಗುವುದಿಲ್ಲ, ಮಾವನಿಂದ ತಂಗಿಯ ಮಗನಿಗೆ ಹೋಗುತ್ತದೆ. ಹಾಗಾಗಿ ಅಣ್ಣನ ನಂತರ ನನ್ನ ಮಗ ಹರೀಶ. ಅವನ ನಂತರ ನನ್ನ ಮಗಳ ಮಗ, ಅಂದರೆ ನಿಶಾಂತ, ನೀನು. ಈ ಸಾಲನ್ನು ನೀನು ಇನ್ನೊಮ್ಮೆ ಓದು.

ಅಣ್ಣ ಫೋನಿನಲ್ಲಿ ಕೇಳಿದಾಗಲೆಲ್ಲ ಹರೀಶ “ನೋಡುವ ಮಾವ” ಎನ್ನುತ್ತಿದ್ದ. ಅವನು ಒಲ್ಲೆ ಎಂದರೆ ಪಟ್ಟ ನಮಗೆ ಎಂದು ಕುಟುಂಬದ ಎರಡು ಕವಲಿನವರು ಟೊಂಕ ಕಟ್ಟಿ ನಿಂತಿದ್ದರು. ಹಾಗೆ ಆದರೆ ಆ ಜಗಳ ನೇಮದ ಚಪ್ಪರದಲ್ಲೇ ಶುರುವಾಗುತ್ತಿತ್ತು.

“ನೀನು ಹೋಗು ಗಿರಿಜಾ” ಎಂದ ಅಣ್ಣ. “ಫೋನಿನಲ್ಲಿ ಕೇಳಿದ್ರೆ ನೆಟ್‌ವರ್ಕ್ ಹೋಗ್ತದೆ. ಎದುರು ಕೂತ್ರೆ ಅವ ಎಲ್ಲಿಗೆ ಹೋಗ್ತಾನೆ?”

ಕೇಳಲು ನನ್ನಂಥವಳನ್ನು ಕಳಿಸಿದ್ದು ಅಣ್ಣ ತನ್ನ ಆಯುಷ್ಯದಲ್ಲಿ ಮಾಡಿದ ದೊಡ್ಡ ಧೈರ್ಯ.

ಇಳಿದ ದಿನ

ಮರುಭೂಮಿ ಎಂದರೆ ಬಿಸಿ ಎಂದು ನಾನು ತೆಳ್ಳಗಿನ ಹತ್ತಿ ಸೀರೆಗಳನ್ನೇ ತುಂಬಿಸಿಕೊಂಡು ಹೋಗಿದ್ದೆ. ಜನವರಿಯ ಕುವೈತಿನಲ್ಲಿ ಹಲ್ಲು ಕಟಕಟಿಸುವ ಚಳಿ. ವಿಮಾನ ನಿಲ್ದಾಣದ ಹೊರಗೆ ನಾನು ನಡುಗುವುದನ್ನು ಕಂಡು ಹರೀಶ ತನ್ನ ಕಪ್ಪು ಜಾಕೆಟ್ ಬಿಚ್ಚಿ ನನಗೆ ಹಾಕಿದ. ಅದರ ತೋಳು ನನ್ನ ಬೆರಳುಗಳಿಗಿಂತ ಉದ್ದ. ಅಲ್ಲಿದ್ದಷ್ಟು ದಿನವೂ ನಾನು ಸೀರೆಯ ಮೇಲೆ ಆ ಜಾಕೆಟ್ ಹಾಕಿಕೊಂಡೇ ತಿರುಗಿದೆ.

ನಿಮ್ಮ ಅಜ್ಜ ಬದುಕಿದ್ದರೆ ಆ ಪ್ರಶ್ನೆಯನ್ನು ನಿಲ್ದಾಣದ ಬಾಗಿಲಲ್ಲೇ ಕೇಳಿ ಮುಗಿಸುತ್ತಿದ್ದರು. ನಾನು ಕಾರಿನಲ್ಲಿ ಕೂತು, “ಇಲ್ಲಿ ತೆಂಗಿನಕಾಯಿ ಸಿಗ್ತದಾ?” ಎಂದು ಕೇಳಿದೆ.

“ಎಲ್ಲ ಸಿಗ್ತದೆ ಅಮ್ಮ” ಎಂದ ಹರೀಶ.

ಸೊಸೆ ಶೋಭಾ ಹಿಂದೆ ತಿರುಗಿ ನನ್ನನ್ನೇ ನೋಡಿ ನಕ್ಕಳು. ಅವಳಿಗೆ ಎಲ್ಲ ಗೊತ್ತಿದೆ ಎಂದು ಆಗಲೇ ಅನಿಸಿತು.

ಸಾಲ್ಮಿಯಾದ ಅಂಗಡಿ

ಅವರ ಮನೆ ಸಾಲ್ಮಿಯಾದಲ್ಲಿ, ಆರನೆಯ ಮಹಡಿ. ಕೆಳಗಿನ ಬೀದಿಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಕೇಳುತ್ತದೆ. ಮೀನಿನ ಅಂಗಡಿಯಲ್ಲಿ ಒಬ್ಬರು ನನಗೆ ತುಳುವಿನಲ್ಲೇ ಬೂತಾಯಿಯ ದರ ಹೇಳಿದಾಗ, ಇಷ್ಟು ದೂರ ಹಾರಿ ಬಂದದ್ದು ಯಾಕೆ ಎಂದು ಒಂದು ಗಳಿಗೆ ಅನಿಸಿತು.

ಪಕ್ಕದ ದಿನಸಿ ಅಂಗಡಿಗೆ ಮೊಮ್ಮಗಳು ಅನ್ವಿತಾ ಕರೆದುಕೊಂಡು ಹೋದಳು. ಹರೀಶನ ಮಗಳು, ಹನ್ನೆರಡನೆಯ ತರಗತಿ. ಗೋಡೆಯ ಮೇಲೆ ಬಿಳಿ ಉಡುಪಿನ ಇಬ್ಬರು ಹಿರಿಯರ ಫೋಟೋ ಅಕ್ಕಪಕ್ಕ ಇತ್ತು. ನಮ್ಮ ಕಡೆ ಗೋಡೆಗೆ ಏರುವುದು ತೀರಿಹೋದವರು ಮಾತ್ರ. ಅಂಗಡಿಯವರ ಅಜ್ಜ, ಮುತ್ತಜ್ಜ ಇರಬೇಕು ಎಂದು ನಾನು ಕೈಮುಗಿದು ಕಣ್ಣು ಮುಚ್ಚಿದೆ.

“ಅಜ್ಜಿ, ಎಂತ ಮಾಡ್ತಿದ್ದೀರಿ?” ಅನ್ವಿತಾ ನನ್ನ ಕೈ ಕೆಳಗಿಳಿಸಿದಳು. “ಅವರು ಈ ದೇಶದ ಅಮೀರ್, ಅಂದ್ರೆ ರಾಜ. ಪಕ್ಕದವರು ನೆಕ್ಸ್ಟ್ ಅಮೀರ್. ಇಬ್ಬರೂ ಚೆನ್ನಾಗಿದ್ದಾರೆ.”

ನಾನು ಜಾಕೆಟ್ಟಿನ ತೋಳಿನಲ್ಲಿ ಬಾಯಿ ಮುಚ್ಚಿಕೊಂಡೆ. ಆಮೇಲೆ ನೋಡಿದರೆ ಔಷಧಿಯ ಅಂಗಡಿಯಲ್ಲೂ ಅದೇ ಜೋಡಿ, ಬ್ಯಾಂಕಿನಲ್ಲೂ ಅದೇ ಜೋಡಿ. ಈಗಿನವರು ಒಬ್ಬರು, ಮುಂದಿನವರು ಒಬ್ಬರು. ನಮ್ಮ ಚಾವಡಿಯ ಗೋಡೆಯಲ್ಲಿ ಹಿಂದಿನವರ ಸಾಲೇ ಇದೆ, ಮುಂದಿನವನಿಗೆ ಒಂದು ಮೊಳೆ ಕೂಡ ಹೊಡೆದಿಲ್ಲ. ಮುಂದೆ ಯಾರು ಎಂದು ಗೋಡೆಯೇ ಹೇಳುವ ಊರಿನಲ್ಲಿ ಜನ ಎಷ್ಟು ನಿಶ್ಚಿಂತೆಯಿಂದ ಬೇಳೆ ಕೊಳ್ಳುತ್ತಾರೆ ಎಂದುಕೊಂಡೆ.

ಶರ್ಕ್

ಹರೀಶನ ಆಫೀಸು ಶರ್ಕ್‌ನಲ್ಲಿ. ಕತ್ತು ಹಿಂದಕ್ಕೆ ಬಾಗಿಸಿದರೂ ತುದಿ ಕಾಣದ ಗಾಜಿನ ಕಟ್ಟಡಗಳು. ಆಫೀಸು ತೋರಿಸಿದ ಮೇಲೆ ನಮ್ಮೆಲ್ಲರನ್ನೂ ಸಮುದ್ರದ ಬದಿಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದ. ಅದೇ ನಮ್ಮ ಕಡಲು, ಆದರೆ ಅಲೆಗೆ ಅವಸರವಿಲ್ಲ. ನಮ್ಮದು ಸಾಲ ಕೇಳಲು ಬಂದವನ ಹಾಗೆ ಬಡಿಯುತ್ತದೆ. ಇದು ನೆಂಟರ ಮನೆಗೆ ಬಂದವರ ಹಾಗೆ ಬಾಗಿಲಲ್ಲೇ ನಿಲ್ಲುತ್ತದೆ.

ಫೋಟೋದ ಕತೆ ಕೇಳಿ ಎಲ್ಲರೂ ನಕ್ಕ ಮೇಲೆ ಅನ್ವಿತಾ ಹೇಳಿದಳು, “ಬಟ್ ಅಜ್ಜಿ, ಇದು ಫೇರ್ ಅಲ್ಲ. ಹುಟ್ಟಿದ ಕೂಡ್ಲೇ ರಾಜ ಅಂತ ಹೇಗೆ? ನಮ್ಮ ಸ್ಕೂಲಲ್ಲಿ ಹೆಡ್ ಗರ್ಲ್‌ಗೆ ವೋಟಿಂಗ್ ಉಂಟು.”

“ನೀನು ಯಾರಿಗೆ ಹಾಕಿದ್ದು?”

“ನನ್ನ ಫ್ರೆಂಡಿಗೆ.”

“ಗೆದ್ದಳಾ?”

“ಗೆದ್ದಳು. ಈಗ ಎಲ್ಲದಕ್ಕೂ ನಮ್ಮ ಕ್ಲಾಸಿನವರನ್ನೇ ತಗೊಳ್ತಾಳೆ.”

“ಉಳಿದವರು?”

ಅನ್ವಿತಾ ಚಹಾ ಕುಡಿದಳು. ಶೋಭಾ ನಕ್ಕುಬಿಟ್ಟಳು. ಹರೀಶ ಮಾತ್ರ ನಗಲಿಲ್ಲ.

“ಅವಳು ಹೇಳಿದ್ದು ಸರಿ ಅಮ್ಮ” ಎಂದ. “ವೋಟು ಬಿದ್ದವನಿಗೆ ಹೇಳಿಕೊಳ್ಳಲಿಕ್ಕೆ ಏನಾದ್ರೂ ಉಂಟು. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಬಿಟ್ಟು ನಾನು ಆ ಪಟ್ಟಕ್ಕೆ ಎಂತ ಮಾಡಿದ್ದೇನೆ? ನಾಳೆ ನನಗಿಂತ ದೊಡ್ಡವರು ಬಂದು ನನ್ನೆದುರು ಕೈ ಕಟ್ಟಿ ನಿಂತ್ರೆ ನನಗೇ ನಾಚಿಕೆ ಆಗ್ತದೆ.”

ಕೇಳಲು ಅದೇ ಸರಿಯಾದ ಗಳಿಗೆಯಾಗಿತ್ತು. ನಾನು ಸಮುದ್ರ ನೋಡಿದೆ.

ಆ ಸಂಜೆ ತರಕಾರಿ ಹೆಚ್ಚುವಾಗ ಶೋಭಾ ಹೇಳಿದಳು, “ಮಾಮಿ, ನೀವು ಬಂದದ್ದು ಎಂತಕ್ಕೆ ಅಂತ ಇವರಿಗೂ ಗೊತ್ತುಂಟು, ನನಗೂ ಗೊತ್ತುಂಟು, ಅನ್ವಿತಾಳಿಗೂ ಗೊತ್ತುಂಟು. ಕೇಳಿ ಬಿಡಿ.”

“ನಿನಗೆ ಬೇಸರ ಇಲ್ವಾ ಮಗಳೇ? ಇಲ್ಲಿಯದ್ದೆಲ್ಲ ಬಿಟ್ಟು ಬರ್ಬೇಕಲ್ಲ?”

“ಮಾರ್ಚಿಗೆ ಇವಳ ಪರೀಕ್ಷೆ ಮುಗೀತದೆ. ಕಾಲೇಜಿಗೆ ಹೇಗೂ ಊರಿಗೇ. ನನಗೂ ಈ ಆರನೇ ಮಾಳಿಗೆಯ ಕಿಟಕಿ ಸಾಕಾಯ್ತು, ಒಂದು ಬಸಳೆ ಚಪ್ಪರ ಹಾಕ್ಲಿಕ್ಕೆ ಜಾಗ ಇಲ್ಲ. ಆದ್ರೆ ಹೇಳಬೇಕಾದ್ದು ಅವರು. ನಾನು ದೂಡಿದೆ ಅಂತ ಆಗ್ಬಾರದು.”

ನಾನು ಬದನೆಕಾಯಿಯನ್ನು ಬೇಕಾದದ್ದಕ್ಕಿಂತ ಸಣ್ಣಗೆ ಹೆಚ್ಚಿದೆ.

ವಫ್ರಾಕ್ಕೆ ಹೋದ ಶುಕ್ರವಾರ

ರಜೆಯ ದಿನ ವಫ್ರಾದ ತೋಟಗಳಿಗೆ ಹೋದೆವು. ದಾರಿಯುದ್ದಕ್ಕೂ ಮರಳು, ಆಮೇಲೆ ಇದ್ದಕ್ಕಿದ್ದಂತೆ ಹಸಿರುಮನೆಗಳ ಸಾಲು. ಬಿಳಿ ಪ್ಲಾಸ್ಟಿಕ್ಕಿನ ಒಳಗೆ ಟೊಮೆಟೊ, ಸೌತೆ, ಬದನೆ. ನಮ್ಮಲ್ಲಿ ಹುಲ್ಲು ಬೇಡ ಎಂದು ಕಿತ್ತರೂ ಬರುತ್ತದೆ. ಇಲ್ಲಿ ಒಂದು ಸೌತೆ ಮಿಡಿಗೆ ಮನೆ ಕಟ್ಟಿಕೊಟ್ಟು, ನೀರು ಹನಿಹನಿಯಾಗಿ ಉಣಿಸಿ, ಮದುಮಗಳ ಹಾಗೆ ನೋಡಿಕೊಳ್ಳುತ್ತಾರೆ.

ಕಾರಿನಲ್ಲಿ ಹರೀಶನ ಫೋನು ಸುಮ್ಮನಿರಲಿಲ್ಲ. ಅಲ್ಲಿರುವ ನಮ್ಮ ಕಡೆಯವರು ಒಂದು ಯಕ್ಷಗಾನ ಇಟ್ಟುಕೊಂಡಿದ್ದರು. ಬ್ಯಾನರಿನಲ್ಲಿ ಯಾರ ಹೆಸರು ಮೇಲೆ ಎಂದು ಅವರಲ್ಲಿ ಇಬ್ಬರಿಗೆ ಮಾತು ಬಿಟ್ಟುಹೋಗಿತ್ತು. ಇವನು ಕಾರು ಬಿಡುತ್ತಾ ಫೋನಿನಲ್ಲಿ ಸ್ವರ ಇಳಿಸಿ ಹೇಳಿದ:

“ದೇವರ ಹೆಸರು ಮೇಲೆ ಹಾಕಿ. ನಿಮ್ಮಿಬ್ಬರದ್ದೂ ಕೆಳಗೆ, ಒಂದೇ ಸಾಲಲ್ಲಿ. ಮೊದಲು ಇಬ್ಬರೂ ಒಟ್ಟಿಗೆ ಕೂತು ಊಟ ಮಾಡಿ, ಮತ್ತೆ ಪ್ರಿಂಟಿಗೆ ಕೊಡಿ. ಖಲಾಸ್. ಎಡ ಯಾರು, ಬಲ ಯಾರು ಅಂತ ಇನ್ನು ಫೋನ್ ಮಾಡ್ಬೇಡಿ ಮಾರಾಯ್ರೆ.”

ಟೊಮೆಟೊ ಪೆಟ್ಟಿಗೆ ಕಾರಿಗೆ ಇಡುವಾಗ ಮತ್ತೆ ಫೋನ್ ಬಂತು. ಎಡ ಯಾರು, ಬಲ ಯಾರು ಎಂದು.

ನಾನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೇಳಿದೆ. ಮೊದಲು ಊಟ, ಆಮೇಲೆ ತೀರ್ಮಾನ. ಇದು ಅಣ್ಣನ ಮಾತು. ಸ್ವರವೂ ಅವನದ್ದೇ, ಸಿಟ್ಟು ಬಂದಾಗ ಇಳಿಯುವ ಸ್ವರ.

“ಇದು ಪ್ರತಿ ಶುಕ್ರವಾರದ ಕತೆ ಮಾಮಿ” ಎಂದಳು ಶೋಭಾ. “ಯಾರೂ ಇವರಿಗೆ ವೋಟು ಹಾಕಿಲ್ಲ, ಆದ್ರೂ ಫೋನು ಇವರಿಗೇ.”

ರುಮೈಥಿಯಾದ ಊಟ

ಹರೀಶನ ಕಂಪನಿಯ ಯಜಮಾನರ ಮನೆ ರುಮೈಥಿಯಾದಲ್ಲಿ. ಅವರ ಹೆಸರು ಖಾಲಿದ್. ಅಲ್ಲಿ ದೊಡ್ಡ ಮನೆಗಳಲ್ಲಿ ದಿವಾನಿಯಾ ಎಂದು ಒಂದು ಕೋಣೆ ಇರುತ್ತದೆ, ನಮ್ಮ ಚಾವಡಿಯ ಹಾಗೆ. ವಾರಕ್ಕೊಂದು ಸಂಜೆ ಅದರ ಬಾಗಿಲು ತೆರೆದಿರುತ್ತದೆ. ಯಾರು ಬೇಕಾದರೂ ಬರಬಹುದು, ಮನೆಯ ಹಿರಿಯ ಕೂತು ಎಲ್ಲರ ಮಾತು ಕೇಳಬೇಕು. ಅಂಥ ಒಂದು ಸಂಜೆ ನಮ್ಮನ್ನೂ ಕರೆದಿದ್ದರು. ಹರೀಶ ಗಂಡಸರ ಕಡೆ ಹೋದ. ಶೋಭಾ, ಅನ್ವಿತಾ, ನಾನು ಒಳಗೆ ಹೋದೆವು.

ಒಳಗೆ ಖಾಲಿದರ ತಾಯಿ ಇದ್ದರು. ಎಲ್ಲರೂ ಅವರನ್ನು ಉಮ್ಮ್ ಖಾಲಿದ್ ಎನ್ನುತ್ತಾರೆ, ಖಾಲಿದನ ತಾಯಿ ಎಂದು. ನನಗಿಂತ ಹತ್ತಾರು ವರ್ಷ ದೊಡ್ಡವರು, ಕೋಲು ಹಿಡಿದು ನಡೆಯುವವರು. ಚಿಕ್ಕಂದಿನಲ್ಲಿ ಮುಂಬಯಿಯಲ್ಲಿ ಬೆಳೆದವರಾದ್ದರಿಂದ ಚೆನ್ನಾಗಿ ಹಿಂದಿ ಬರುತ್ತದೆ. ಅವರ ತಂದೆ ಹಾಯಿಹಡಗಿನಲ್ಲಿ ಮಂಗಳೂರಿಗೆ ಬಂದು ಮರ, ಹಂಚು ಒಯ್ಯುತ್ತಿದ್ದರಂತೆ. ಮಂಗಳೂರಿನವರು ಬಂದಿದ್ದಾರೆ ಎಂದು ಗೊತ್ತಾಗಿಯೇ ನಮ್ಮನ್ನು ಕರೆಸಿದ್ದು.

ನನ್ನ ಹಿಂದಿ ಟೀವಿ ಧಾರಾವಾಹಿಯಿಂದ ಬಂದದ್ದು. ಹೇಗಿದ್ದೀರಿ ಎಂದು ಅವರು ಕೇಳಿದರೆ ನಾನು, ಎಲ್ಲ ನಿಮ್ಮ ಕೃಪೆ ಎಂದು ಅರಮನೆಯ ಸೊಸೆಯ ಹಾಗೆ ಉತ್ತರ ಕೊಟ್ಟೆ. ಅನ್ವಿತಾ ಗೋಡೆಯ ಕಡೆ ತಿರುಗಿ ನಕ್ಕಳು. ಉಮ್ಮ್ ಖಾಲಿದ್ ನನ್ನ ಸೀರೆಯ ಮೇಲಿನ ಗಂಡಸರ ಜಾಕೆಟ್ಟನ್ನು ಮುಟ್ಟಿ ನೋಡಿ, “ಇದು ಈಗ ನಿಮ್ಮ ಊರಿನ ಹೊಸ ಪದ್ಧತಿಯಾ?” ಎಂದು ಕೇಳಿದರು.

ನೆಲದ ಮೇಲೆ ಬಟ್ಟೆ ಹಾಸಿ ಊಟ ಬಡಿಸಿದರು. ಮಸಾಲೆಯ ಅನ್ನ, ಮೇಲೆ ಇಡೀ ಮಾಂಜಿ ಮೀನು. ಆಕೆ ಕೋಲು ಬದಿಗಿಟ್ಟು, ನೋವು ನುಂಗಿಕೊಂಡು ನಮ್ಮೊಟ್ಟಿಗೇ ನೆಲಕ್ಕೆ ಕೂತರು. ಕುರ್ಚಿ ತಂದುಕೊಡುತ್ತೇನೆ ಎಂದ ಶೋಭಾಳಿಗೆ, ಅತಿಥಿ ಕೆಳಗೆ ಕೂತಾಗ ನಾನು ಮೇಲೆ ಕೂರುವುದೇ ಎಂದು ಗದರಿದರು.

ನನಗೆ ಬೇಗ ಹೊಟ್ಟೆ ತುಂಬಿತು. ಆದರೆ ಪಂಕ್ತಿಯಲ್ಲಿ ಹಿರಿಯರು ಏಳದೆ ಕಿರಿಯರು ಏಳುವುದುಂಟೇ? ಗುತ್ತಿನ ಊಟದಲ್ಲಿ ಅಣ್ಣ ಎಲೆಯಿಂದ ಎದ್ದ ಮೇಲೆಯೇ ಉಳಿದವರು ಏಳುವುದು. ನಾನು ಆಕೆ ಏಳಲಿ ಎಂದು ಕಾಯುತ್ತಾ ಸ್ವಲ್ಪ ಸ್ವಲ್ಪ ಅನ್ನ ಬಾಯಿಗಿಟ್ಟೆ. ಆಕೆ ಏಳಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದರು. ಬೇಡ ಎನ್ನಲು ನಾಚಿಕೆಯಾಗಿ ಅದನ್ನೂ ತಿಂದೆ. ಆಕೆಯೂ ಒಂದೊಂದೇ ಅಗುಳು ಹೆಕ್ಕಿ ತಿನ್ನತೊಡಗಿದರು. ಪುನಃ ಅನ್ನ ಬಂತು. ಇವರಿಗೆ ಈ ವಯಸ್ಸಿನಲ್ಲೂ ಎಂಥ ಹಸಿವು ಎಂದು ನಾನು ಯೋಚಿಸಿದೆ. ಬಹುಶಃ ಆಕೆ ನನ್ನ ಬಗ್ಗೆ ಅದನ್ನೇ ಯೋಚಿಸುತ್ತಿದ್ದರು.

“ಅಜ್ಜಿ, ಎಂತ ಇನ್ನೂ ತಿನ್ನುದು?” ಅನ್ವಿತಾ ಪಿಸುಗುಟ್ಟಿದಳು.

“ಮಾಮಿ, ಯಾಕೆ ಏಳುದಿಲ್ಲ ನೀವು?” ಶೋಭಾ ಕೇಳಿದಳು.

“ಅವರು ಹಿರಿಯರು. ಅವರು ಏಳದೆ ನಾನು ಹೇಗೆ ಏಳಲಿ?”

ಶೋಭಾ ಒಂದು ಗಳಿಗೆ ನನ್ನ ಮುಖವನ್ನೂ ಆಕೆಯ ಮುಖವನ್ನೂ ನೋಡಿದಳು. ಆಮೇಲೆ ನಗು ತಡೆದುಕೊಂಡು ಹಿಂದಿಯಲ್ಲಿ ವಿಷಯ ಹೇಳಿದಳು. ಉಮ್ಮ್ ಖಾಲಿದ್ ಎರಡೂ ಕೈ ಮೇಲೆತ್ತಿದರು.

“ಯಾ ಅಲ್ಲಾ. ಬೆಹನ್, ಅತಿಥಿಯ ಕೈ ನಿಲ್ಲುವ ಮೊದಲು ಮನೆಯ ಹಿರಿಯಳು ಏಳಬಾರದು, ಅದು ನಮ್ಮ ಪದ್ಧತಿ. ನನ್ನ ಮೊಣಕಾಲು ಸತ್ತು ಎಷ್ಟು ಹೊತ್ತಾಯಿತು ಗೊತ್ತಾ?”

ನಮ್ಮಿಬ್ಬರಿಗೂ ನಗು ಹತ್ತಿತು. ಈಗಲೂ ಯಾರು ಮೊದಲು ಏಳುವುದು ಎಂಬುದು ಬಗೆಹರಿದಿರಲಿಲ್ಲ. ಕೊನೆಗೆ ಆಕೆ ನನ್ನ ಕೈ ಹಿಡಿದರು, ನಾನು ಅವರ ಕೈ ಹಿಡಿದೆ, ಶೋಭಾ “ಯಲ್ಲಾ, ಏಳಿ” ಎಂದಳು, ಇಬ್ಬರೂ ಒಟ್ಟಿಗೇ ಎದ್ದೆವು.

ಚಹಾ ಕುಡಿಯುವಾಗ ನನಗೆ ಅದೇ ಯೋಚನೆ. ನಮ್ಮಲ್ಲಿ ಹಿರಿಯನಿಗಾಗಿ ಜನ ಕಾಯುತ್ತಾರೆ. ಇಲ್ಲಿ ಜನರಿಗಾಗಿ ಹಿರಿಯ ಕಾಯುತ್ತಾನೆ. ಆದರೆ ಅಣ್ಣನೂ ಹಾಗೆಯೇ ಅಲ್ಲವೇ? ಕೊನೆಯ ಎಲೆಯವನ ಪಾಯಸ ಮುಗಿಯಿತೇ ಎಂದು ಓರೆಗಣ್ಣಿನಲ್ಲಿ ನೋಡಿಯೇ ಅವನು ಏಳುವುದು. ಅದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ನಾನು ಅಣ್ಣನ ಸುದ್ದಿ, ಪಟ್ಟದ ಸುದ್ದಿ ಹೇಳಿದೆ. ಹಿಂದಿ ತಪ್ಪಿದಲ್ಲಿ ಶೋಭಾ ಸೇರಿಸಿದಳು. ಪಟ್ಟ ಮಗನಿಗಲ್ಲ, ತಂಗಿಯ ಮಗನಿಗೆ ಎಂದಾಗ ಆಕೆಗೆ ನಂಬಿಕೆ ಬರಲಿಲ್ಲ.

“ಸ್ವಂತ ಮಗ ಸುಮ್ಮನೆ ನೋಡುತ್ತಾನಾ?”

“ನೋಡುತ್ತಾನೆ. ಅವನ ಹಕ್ಕು ಅವನ ತಾಯಿಯ ಮನೆಯಲ್ಲಿದೆ.”

“ಹಾಗಾದರೆ ಪಟ್ಟ ಇರುವುದು ಹೆಂಗಸರ ಕೈಯಲ್ಲಿ.”

“ಕೈಯಲ್ಲಿ ಅಲ್ಲ, ಕಾಲುವೆಯ ಹಾಗೆ. ನಮ್ಮ ಮೂಲಕ ಹೋಗುತ್ತದೆ, ನಮ್ಮಲ್ಲಿ ನಿಲ್ಲುವುದಿಲ್ಲ.”

ಆಕೆ ತಲೆದೂಗಿದರು. ಆಮೇಲೆ ತಮ್ಮ ಮಗನ ಸುದ್ದಿ ಹೇಳಿದರು. ಖಾಲಿದರಿಗೆ ಎಳವೆಯಲ್ಲಿ ಸಮುದ್ರದ ಹುಚ್ಚು, ದೋಣಿ ಮತ್ತು ಮೀನು ಬಿಟ್ಟು ಬೇರೆ ಬೇಡ. ತಂದೆ ತೀರಿಹೋದ ಮೇಲೆ ದಿವಾನಿಯಾ ತೆರೆಯುವ ಸಂಜೆ ಅಳುತ್ತಲೇ ಹೋಗಿ ಕೂತರಂತೆ.

“ಯೋಗ್ಯತೆ ಎಲ್ಲಿತ್ತು ಅವನಿಗೆ?” ಎಂದರು ಆಕೆ. “ಬಂದವರ ಹೆಸರೇ ನೆನಪಿರುತ್ತಿರಲಿಲ್ಲ. ಕೂತು ಕೂತು ಕಲಿತ. ಈಗ ರಂಜಾನಿನಲ್ಲಿ ನಮ್ಮ ಬೀದಿಯ ಮನೆಗಳಿಗೆಲ್ಲ ಹೋಗಿ ಬಂದು ಚಪ್ಪಲಿ ಕಳಚದೆ ಸೋಫಾದಲ್ಲೇ ನಿದ್ದೆ ಹೋಗುತ್ತಾನೆ. ಇವನದ್ದು ಒಂದು ಬೀದಿ. ದೇಶ ಆಳುವ ಮನೆಯವರಿಗೆ ಇಡೀ ಊರು. ಹೋದ ಕಡೆಯಲ್ಲೆಲ್ಲ ಕೂರಬೇಕು, ಕಾಫಿ ಕುಡಿಯಬೇಕು, ಮಕ್ಕಳ ಹೆಸರು ಕೇಳಬೇಕು. ಅವರ ಹೊಟ್ಟೆ ಅವರದ್ದಲ್ಲ, ನಿದ್ದೆ ಅವರದ್ದಲ್ಲ. ಆಸೆಪಟ್ಟು ಬರುವ ಕೆಲಸ ಅಲ್ಲ ಅದು. ಆಸೆಪಟ್ಟು ಬಂದವನ ಕೈ ನೋಡಬೇಕು, ಎಲ್ಲಿಗೆ ಹೋಗುತ್ತದೆ ಅಂತ.”

ಅನ್ವಿತಾ ಸುಮ್ಮನಿರಲಿಲ್ಲ. “ಆದರೆ ಪಟ್ಟಕ್ಕೆಂದು ಹುಟ್ಟಿದವನು ಕೆಟ್ಟವನಾದರೆ? ವೋಟು ಆದರೆ ತೆಗೆಯಬಹುದು.”

“ಒಳ್ಳೆಯ ಪ್ರಶ್ನೆ” ಎಂದರು ಉಮ್ಮ್ ಖಾಲಿದ್. “ವೋಟಿನವನು ನಾಳೆ ಬೇರೆ ಕಡೆ ಹೋಗಬಹುದು ಮಗಳೇ. ಹುಟ್ಟಿನಿಂದ ಬಂದವನಿಗೆ ಹೋಗಲು ಜಾಗವಿಲ್ಲ. ಸಾಯುವವರೆಗೆ ಅದೇ ಮುಖಗಳನ್ನು ಮದುವೆಯಲ್ಲೂ ನೋಡಬೇಕು, ಮಯ್ಯತ್ತು ಹೊರುವಾಗಲೂ ನೋಡಬೇಕು. ಆದ್ದರಿಂದ ಅವನಿಗೆ ನಾಚಿಕೆ ಇರುತ್ತದೆ. ಪಟ್ಟದವನಿಗೆ ಕತ್ತಿಗಿಂತ ನಾಚಿಕೆ ಮುಖ್ಯ.”

“ನಾಚಿಕೆ ಇಲ್ಲದಿದ್ದರೆ?”

“ಅದಕ್ಕೇ ತಾಯಿ ಇರುವುದು” ಎಂದು ಆಕೆ ನನ್ನ ಕಡೆ ನೋಡಿದರು.

ನಮ್ಮ ಮನೆಯಲ್ಲೂ ಒಬ್ಬ ಹಿರಿಯ ಕುಡಿದು ಕಾಲ ಕಳೆದದ್ದು, ಆಗ ಹೆಂಗಸರೇ ಒಳಗಿನಿಂದ ಎಲ್ಲ ನಡೆಸಿದ್ದು ನನಗೆ ನೆನಪಾಯಿತು. ಅನ್ವಿತಾಳ ಪ್ರಶ್ನೆ ಪೂರ್ತಿ ಬಗೆಹರಿದಿದೆ ಎಂದು ನಾನು ಹೇಳುವುದಿಲ್ಲ. ದೇಶ ಆಳುವುದಕ್ಕೆ ಯಾವುದು ಸರಿ ಎಂದು ತೀರ್ಮಾನಿಸುವಷ್ಟು ನಾನು ಓದಿಲ್ಲ. ಆದರೆ ಎಲ್ಲರ ಸಾವಿಗೂ ಹೋಗಬೇಕಾದವನು ಯಾರ ಪಕ್ಷದವನೂ ಆಗಿರಬಾರದು, ಅದಕ್ಕೆ ಹುಟ್ಟಿನಿಂದ ಬಂದವನೇ ಆದೀತು ಎಂದು ನನಗೆ ಅನಿಸುತ್ತದೆ. ಇನ್ನೊಂದು ಸಂಗತಿ. ನನ್ನ ಇಡೀ ಜೀವಮಾನ ಎಲ್ಲರೂ ನನ್ನ ನಾಚಿಕೆಗೆ ಬೈದವರೇ. ಅದು ರಾಜರಿಗೆ ಬೇಕಾದ ವಸ್ತು ಎಂದು ಮೊದಲು ಹೇಳಿದವರು ಈಕೆ.

ಮನೆಗೆ ಬರುವ ದಾರಿ

ಕಾರಿನಲ್ಲಿ ಎಲ್ಲರೂ ಊಟದ ಕತೆ ಹೇಳಿ ನಗುತ್ತಿದ್ದರು. ನಗು ನಿಂತಾಗ ನಾನು ಜಾಕೆಟ್ಟಿನ ತೋಳುಗಳನ್ನು ಹಿಡಿದುಕೊಂಡು ಕೇಳಿಯೇಬಿಟ್ಟೆ. ಅಂದರೆ, ನನಗೆ ಕೇಳಲು ಬಂದಷ್ಟು ಕೇಳಿದೆ.

“ಅಣ್ಣ ಇನ್ನೂ ಮೈಸೂರು ನೋಡಿಲ್ಲ ಹರೀಶ.”

ಅವನು ಕಾರು ಬಿಡುತ್ತಲೇ ಇದ್ದ. ಶೋಭಾ ಕಿಟಕಿಯ ಹೊರಗೆ ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು, “ನಮ್ಮ ಮನೆ ಹಿಂದೆ ಹೋಯ್ತು.” ಹರೀಶ ಸುತ್ತು ಬಳಸಿ ವಾಪಸು ಬಂದ. ಬಂದವನು ಪುನಃ ತಿರುವು ತಪ್ಪಿಸಿದ.

ಹೊರಡುವ ದಿನ

ಅದರ ನಂತರ ಅವನು ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಊರಿಗೆ ಖಾಲಿ ಕೈಯಲ್ಲಿ ಹೋಗುತ್ತಿದ್ದೇನೆ, ಅಣ್ಣನಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಪೆಟ್ಟಿಗೆ ಕಟ್ಟಿದೆ. ಉಮ್ಮ್ ಖಾಲಿದ್ ಒಂದು ಡಬ್ಬಿ ಖರ್ಜೂರ ಕಳಿಸಿದ್ದರು, ನಿಮ್ಮ ಅಣ್ಣನ ಮೊಣಕಾಲಿಗೆ ಎಂದು. ಖರ್ಜೂರ ಮೊಣಕಾಲಿಗೆ ಒಳ್ಳೆಯದೋ ಗೊತ್ತಿಲ್ಲ. ನೀವು ತಿಂದದ್ದು ಅದನ್ನೇ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಜಾಕೆಟ್ ಬಿಚ್ಚಿ ಹರೀಶನ ಕೈಗೆ ಕೊಟ್ಟೆ. ಅವನು ತೆಗೆದುಕೊಳ್ಳಲಿಲ್ಲ. ಮಡಚಿ ಪುನಃ ನನ್ನ ಕೈಚೀಲದಲ್ಲೇ ಇಟ್ಟ.

“ಮಾವನಿಗೆ ಕೊಡು” ಎಂದ, ನೆಲ ನೋಡುತ್ತಾ. “ಮೈಸೂರಲ್ಲಿ ಈಗ ಬೆಳಿಗ್ಗೆ ಚಳಿ ಇರ್ತದೆ.”

ನಾನೂ ನೆಲ ನೋಡುತ್ತಾ ಚೀಲದ ಬಾಯಿ ಮುಚ್ಚಿದೆ. ಶೋಭಾ ನಮ್ಮಿಬ್ಬರನ್ನೂ ನೋಡಿ, “ತಾಯಿ ಮಗ ಇಬ್ಬರೂ ಒಂದೇ” ಎಂದಳು. ಹೌದು. ಅವನಿಗೆ ಪಟ್ಟ ಮಾವನಿಂದ ಬರುತ್ತದೆ, ನಾಚಿಕೆ ನನ್ನಿಂದ ಬಂದಿದೆ.

ನಾನು ಬಂದ ಮರುವಾರವೇ ಅಣ್ಣ, ಏನಿದ್ದರೂ ಹರೀಶನಿಗೆ ಫೋನ್ ಮಾಡಿ ಎಂದು ಊರಿಗೆಲ್ಲ ಹೇಳಿ, ಜಾಕೆಟ್ ಹಾಕಿಕೊಂಡು ಅತ್ತಿಗೆಯೊಟ್ಟಿಗೆ ಮೈಸೂರಿನ ಬಸ್ಸು ಹತ್ತಿದ. ಊರಿನ ಮುದುಕರೆಲ್ಲ ಆ ದಿನ ಬಹಳ ಜಾಗ್ರತೆಯಲ್ಲಿದ್ದರು. ಯಾರಿಗೂ ಏನೂ ಆಗಲಿಲ್ಲ. ಒಂದು ಬೇಲಿ ಜಗಳ ಮಾತ್ರ ಕುವೈತಿಗೆ ಹೋಯಿತು. ಮೊದಲು ಇಬ್ಬರೂ ಒಟ್ಟಿಗೆ ಊಟ ಮಾಡಿ ಎಂದು ಅಲ್ಲಿಂದ ಉತ್ತರ ಬಂತು.

ಮರುದಿನ ಅರಮನೆಯ ಅಂಗಳದಿಂದ ಅಣ್ಣ ನನಗೆ ಫೋನ್ ಮಾಡಿದ. ಸಿಂಹಾಸನ ನೋಡಲು ಸಿಗಲಿಲ್ಲವಂತೆ. ಅದನ್ನು ಜೋಡಿಸಿ ಇಡುವುದು ದಸರೆಯ ದಿನಗಳಲ್ಲಿ ಮಾತ್ರ ಎಂದು ಯಾರೋ ಹೇಳಿದರಂತೆ.

“ಬೇಸರ ಆಯ್ತಾ ಅಣ್ಣ?” ಎಂದೆ.

“ಬೇಸರ ಎಂತದ್ದು” ಎಂದ ಅವನು. “ರಾಜರು ವರ್ಷಕ್ಕೆ ಆ ಒಂಬತ್ತು ದಿನ ಮಾತ್ರ ಕೂರುದಂತೆ ಗಿರಿಜಾ. ಹರೀಶನಿಗೆ ಹೇಳ್ಬೇಡ.”